ಗರಗರ ಸದ್ದು ಮಾಡುವ ಪಂಪಿನ ಬಗ್ಗೆ ಕೃಷ್ಣಾ ತೀರದವರಿಗೆ

ಕೃಷ್ಣೆಯ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟುಕೊಂಡು ಕಬ್ಬು, ಅರಿಶಿನ, ಗೋವಿನಜೋಳ ಬೆಳೆಯುವ ರೈತ ಬಾಂಧವರಿಗೆ, ಆ ಪಂಪುಗಳನ್ನು ಬಿಚ್ಚಿ ಕಟ್ಟುವ ಮೆಕ್ಯಾನಿಕ್ ಮಿತ್ರರಿಗೆ,



ಶಿವರಾತ್ರಿ ಕಳೆದು ನದಿ ಇಳಿಯತೊಡಗಿದ ಮೇಲೆ ನಿಮ್ಮ ದಂಡೆಯ ಪಂಪುಗಳಲ್ಲಿ ಒಂದು ಸದ್ದು ಶುರುವಾಗುತ್ತದೆ. ಪಂಪಿನ ಹೊಟ್ಟೆಯಲ್ಲಿ ಜಲ್ಲಿಕಲ್ಲು ಉರುಳಿದಂತೆ ಗರಗರ ಅನ್ನುತ್ತದೆ. ನೀರು ಕಡಿಮೆಯಾಗುತ್ತದೆ, ಬೇರಿಂಗ್ ಬಿಸಿಯಾಗುತ್ತದೆ, ಗ್ಲ್ಯಾಂಡಿಗೆ ಎಷ್ಟು ಡೋರಿ ಸುತ್ತಿದರೂ ಸೋರುವುದು ನಿಲ್ಲುವುದಿಲ್ಲ. ‘ಮರಳು ಎಳೀತಾ ಇದೆ’ ಅನ್ನುತ್ತೀರಿ. ಬಿಚ್ಚಿದರೆ ಇಂಪೆಲ್ಲರ್ ತಿಂದುಹೋಗಿರುತ್ತದೆ. ಹೊಸದು ಹಾಕುತ್ತೀರಿ. ಮುಂದಿನ ಬೇಸಿಗೆಗೆ ಅದೂ ಹೋಗುತ್ತದೆ. ಆಮೇಲೆ ಯಾರೋ ಒಬ್ಬರು, ‘ಹತ್ತು ಎಚ್‌ಪಿ ಸಾಲೂದಿಲ್ಲ, ಹದಿನೈದು ಕೂಡಿಸ್ರಿ’ ಅನ್ನುತ್ತಾರೆ. ಆ ಒಂದು ಮಾತನ್ನು ತಡೆಯಲಿಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಹೀಗೆ ಕೆಡುವ ಪಂಪಿಗೆ ಹೆಚ್ಚು ಎಚ್‌ಪಿ ಕೊಟ್ಟರೆ ಅದು ಇನ್ನೂ ಬೇಗ ಕೆಡುತ್ತದೆ. ಯಾಕೆ ಅನ್ನುವುದನ್ನು ಪಂಪ್ ಕಂಪನಿ ಕೊಡುವ ಒಂದು ಹಾಳೆ ಹೇಳುತ್ತದೆ. ಆ ಹಾಳೆಯನ್ನು ಓದುವುದು ಕಷ್ಟವಲ್ಲ. ಹತ್ತನೇ ಇಯತ್ತೆ ಓದಿದವರಿಗೆ ಅರ್ಧ ತಾಸು ಸಾಕು.

ಮೊದಲು ಇಂಪೆಲ್ಲರನ್ನು ಕೈಯಲ್ಲಿ ಹಿಡಿದು ನೋಡಿ. ಮರಳು ಸವೆಸಿದ್ದರೆ ಲೋಹ ನುಣ್ಣಗಾಗಿರುತ್ತದೆ. ನೀರಿನ ವೇಗ ಹೆಚ್ಚಿರುವ ಹೊರ ಅಂಚಿನಲ್ಲಿ, ವೇರ್ ರಿಂಗಿನ ಬಳಿ ಹರಿದುಹೋದ ಗೀರುಗಳು ಕಾಣುತ್ತವೆ. ನಾನು ಹೇಳುತ್ತಿರುವ ರೋಗದಲ್ಲಿ ಗಾಯ ಬೇರೆ ಕಡೆ ಇರುತ್ತದೆ. ನೀರು ಒಳಗೆ ಬರುವ ಕಣ್ಣಿನ ಹತ್ತಿರ, ಎಲೆಗಳ ಆರಂಭದ ಅಂಚಿನಿಂದ ತುಸು ಒಳಗೆ, ಗೆದ್ದಲು ತಿಂದ ಹಲಗೆಯಂತೆ ಸಣ್ಣ ಸಣ್ಣ ತೂತು. ಬೆರಳಿಗೆ ಒರಟಾಗಿ ತಾಗುತ್ತದೆ. ಇಂಪೆಲ್ಲರಿನ ಉಳಿದ ಭಾಗ ಹೊಸದರಂತೆಯೇ ಇರುತ್ತದೆ. ಮೆಕ್ಯಾನಿಕ್ ಮಿತ್ರರೇ, ಹಳೆಯ ಇಂಪೆಲ್ಲರನ್ನು ಗುಜರಿಗೆ ಹಾಕುವ ಮುನ್ನ ಇದನ್ನೊಮ್ಮೆ ರೈತರಿಗೆ ತೋರಿಸಿ. ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಆ ತೂತು ಮಾಡಿದ್ದು ನೀರೇ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಸಮುದ್ರಮಟ್ಟದ ಗಾಳಿಯ ಒತ್ತಡದಲ್ಲಿ ಮಾತ್ರ. ಒತ್ತಡ ಇಳಿಸಿದರೆ ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಒತ್ತಡವನ್ನು ತೀರಾ ಇಳಿಸಿದರೆ ನದಿಯ 30 ಡಿಗ್ರಿ ನೀರು ಕೂಡ ಬೆಂಕಿಯಿಲ್ಲದೆ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಇಂಪೆಲ್ಲರಿನ ಕಣ್ಣಿನಲ್ಲಿ ನಡೆಯುವುದು ಇದು. ಪಂಪಿನೊಳಗೆ ಅತಿ ಕಡಿಮೆ ಒತ್ತಡ ಇರುವ ಜಾಗ ಅದೇ. ಅಲ್ಲಿ ಹುಟ್ಟಿದ ಗುಳ್ಳೆ ಎಲೆಯ ಮೇಲೆ ಜಾರುತ್ತ ಹೆಚ್ಚು ಒತ್ತಡದ ಕಡೆ ಬಂದ ಕ್ಷಣದಲ್ಲೇ ಕುಸಿಯುತ್ತದೆ. ಸುತ್ತಲಿನ ನೀರು ಆ ಖಾಲಿ ಜಾಗಕ್ಕೆ ನುಗ್ಗಿ ಲೋಹವನ್ನು ಸೂಜಿಯಂಥ ಧಾರೆಯಿಂದ ಹೊಡೆಯುತ್ತದೆ. ಇಂಥ ಏಟು ಸೆಕೆಂಡಿಗೆ ಲೆಕ್ಕವಿಲ್ಲದಷ್ಟು ಬೀಳುತ್ತವೆ. ನೀವು ಕೇಳುವ ಗರಗರ ಆ ಏಟುಗಳದು. ಇದಕ್ಕೆ ಕ್ಯಾವಿಟೇಶನ್ ಎನ್ನುತ್ತಾರೆ.

ಇದು ನಮ್ಮ ದಂಡೆಯಲ್ಲಿ ಮೊದಲು ಕಂಡ ರೋಗವೇನಲ್ಲ. 1890ರ ದಶಕದಲ್ಲಿ ಇಂಗ್ಲೆಂಡಿನ ನೌಕಾದಳದ ಡೇರಿಂಗ್ ಎಂಬ ಹಡಗು ಅಂದುಕೊಂಡಷ್ಟು ವೇಗ ಮುಟ್ಟಲಿಲ್ಲ. ಯಂತ್ರದ ಬಲ ಕಡಿಮೆಯಾಗಿರಲಿಲ್ಲ, ಪ್ರೊಪೆಲ್ಲರಿನ ಹಿಂದೆ ನೀರು ಆವಿಯಾಗಿ ಜಾಗ ಖಾಲಿಯಾಗುತ್ತಿತ್ತು. ಚಾರ್ಲ್ಸ್ ಪಾರ್ಸನ್ಸ್ ತಮ್ಮ ಟರ್ಬಿನಿಯಾ ದೋಣಿಯಲ್ಲಿ ಅದೇ ತೊಂದರೆ ಎದುರಿಸಿ, 1895ರಲ್ಲಿ ಒಂದು ಸಣ್ಣ ನೀರಿನ ತೊಟ್ಟಿ ಕಟ್ಟಿ ಗುಳ್ಳೆಗಳನ್ನು ಕಣ್ಣಾರೆ ನೋಡಿದರು. ಗುಳ್ಳೆ ಕುಸಿಯುವಾಗ ಒತ್ತಡ ಎಷ್ಟು ಏರುತ್ತದೆ ಎಂಬ ಗಣಿತವನ್ನು ಲಾರ್ಡ್ ರೇಲಿ 1917ರಲ್ಲಿ ಬರೆದರು. ಬಲ ಹೆಚ್ಚಿಸಿದರೆ ಈ ತೊಂದರೆ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಾಗಿ ನೂರು ವರ್ಷ ದಾಟಿತು. ನಮ್ಮ ಅಂಗಡಿಗಳಲ್ಲಿ ಇನ್ನೂ ಎಚ್‌ಪಿಯ ಮಾತೇ ನಡೆದಿದೆ.

ಈಗ ಆ ಹಾಳೆಗೆ ಬರೋಣ. ಪಂಪು ಕೊಳ್ಳುವಾಗ ಅಂಗಡಿಯವರು ಸಾಮಾನ್ಯವಾಗಿ ಒಂದು ಕೋಷ್ಟಕ ಕೊಡುತ್ತಾರೆ. ಇಷ್ಟು ಮೀಟರ್ ಹೆಡ್‌ಗೆ (ನೀರು ಎತ್ತಬೇಕಾದ ಎತ್ತರ, ಪೈಪಿನ ತಿಕ್ಕಾಟ ಎರಡೂ ಕೂಡಿದ್ದು) ಇಷ್ಟು ಲೀಟರ್ ನೀರು ಎಂದು ಅದರಲ್ಲಿರುತ್ತದೆ. ಅದನ್ನೇ ಗ್ರಾಫ್ ಹಾಳೆಯಲ್ಲಿ ಬರೆದರೆ ಪಂಪಿನ ಕರ್ವ್. ಅಡ್ಡಕ್ಕೆ ಸೆಕೆಂಡಿಗೆ ಬರುವ ಲೀಟರ್, ಉದ್ದಕ್ಕೆ ಹೆಡ್. ರೇಖೆ ಎಡದಿಂದ ಬಲಕ್ಕೆ ಇಳಿಯುತ್ತ ಹೋಗುತ್ತದೆ. ಹೆಡ್ ಹೆಚ್ಚಾದರೆ ನೀರು ಕಡಿಮೆ, ಹೆಡ್ ಕಡಿಮೆಯಾದರೆ ನೀರು ಹೆಚ್ಚು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕಂಪನಿಯ ಪೂರ್ತಿ ಗ್ರಾಫ್‌ನಲ್ಲಿ ಇನ್ನೂ ಮೂರು ರೇಖೆಗಳಿರುತ್ತವೆ. ಒಂದು ದಕ್ಷತೆಯದು, ಏರಿ ಒಂದು ಕಡೆ ಶಿಖರ ಮುಟ್ಟಿ ಇಳಿಯುತ್ತದೆ. ಪಂಪನ್ನು ರೂಪಿಸಿದ್ದು ಆ ಶಿಖರದ ಹತ್ತಿರ ಓಡಲಿ ಎಂದು. ಇನ್ನೊಂದು ಎಳೆಯುವ ಕಿಲೋವ್ಯಾಟ್‌ನದು, ನೀರು ಹೆಚ್ಚಿದಂತೆ ಏರುತ್ತದೆ. ಮೂರನೆಯದು ಎನ್‌ಪಿಎಸ್‌ಎಚ್. ಕುದಿಯದೆ ಉಳಿಯಲು ನೀರಿಗೆ ಪಂಪಿನ ಬಾಯಲ್ಲಿ ಎಷ್ಟು ಒತ್ತಡ ಮಿಕ್ಕಿರಬೇಕು ಎಂಬ ಲೆಕ್ಕ ಅದು, ಮೀಟರಿನಲ್ಲಿ. ಬಲಕ್ಕೆ ಹೋದಂತೆ ಈ ರೇಖೆ ಕಡಿದಾಗಿ ಏರುತ್ತದೆ. ಅಂಗಡಿಯ ಕೋಷ್ಟಕದಲ್ಲಿ ಇಲ್ಲದಿರುವುದು ಇದೇ ರೇಖೆ, ನಿಮ್ಮ ಇಂಪೆಲ್ಲರನ್ನು ಉಳಿಸುವುದೂ ಇದೇ.

ಅಂಕಿಯಲ್ಲಿ ಹೇಳುತ್ತೇನೆ. ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡ ಒಂದು 10 ಎಚ್‌ಪಿ ಮೊನೊಬ್ಲಾಕ್, ಆದರೆ ಇಂಥವು ದಂಡೆಯಲ್ಲಿ ಬೇಕಾದಷ್ಟಿವೆ. 28 ಮೀಟರ್ ಹೆಡ್‌ನಲ್ಲಿ ಸೆಕೆಂಡಿಗೆ 16 ಲೀಟರ್ ಕೊಡುತ್ತದೆ, ದಕ್ಷತೆಯ ಶಿಖರ ಅಲ್ಲಿದೆ, ಅಲ್ಲಿ ಬಾಯಿಗೆ ಬೇಕಾದ ಒತ್ತಡ 3 ಮೀಟರ್. ಹೆಡ್ 20 ಮೀಟರಿಗೆ ಇಳಿದರೆ ನೀರು 22 ಲೀಟರ್ ಆಗುತ್ತದೆ, ಬೇಕಾದ ಒತ್ತಡ 5 ಮೀಟರಿಗೆ ಏರುತ್ತದೆ.

ನೀವು ಅಂಗಡಿಯಲ್ಲಿ ‘ಹೊಲ ಎತ್ತರದಾಗ ಐತಿ, 30 ಮೀಟರ್ ಇರಲಿ’ ಎಂದು ತುಸು ಹೆಚ್ಚಿಗೆ ಹೇಳಿ ತಂದಿರುತ್ತೀರಿ. ನಿಜವಾಗಿ ಅಳೆದರೆ ಚಳಿಗಾಲದಲ್ಲಿ ನೀರಿನ ಮಟ್ಟದಿಂದ ಹೊಲದ ತೊಟ್ಟಿಗೆ 15 ಮೀಟರ್, ಪೈಪಿನ ತಿಕ್ಕಾಟಕ್ಕೆ 5 ಮೀಟರ್, ಒಟ್ಟು 20. ಪಂಪು ತಾನಾಗಿ 20 ಮೀಟರ್ ಬಿಂದುವಿಗೆ, ಅಂದರೆ ಕರ್ವ್‌ನ ಬಲತುದಿಗೆ ಓಡುತ್ತದೆ. ನೀರು ಭರ್ತಿ ಬರುತ್ತದೆ, ನೀವು ಖುಷಿಯಾಗುತ್ತೀರಿ. ಮೋಟಾರು ತನ್ನ ಮಿತಿ ದಾಟಿ ಆಂಪಿಯರ್ ಎಳೆಯುತ್ತಿರುತ್ತದೆ, ಬಾಯಿಗೆ 5 ಮೀಟರ್ ಒತ್ತಡ ಬೇಕಾಗಿರುತ್ತದೆ. ‘ಸ್ವಲ್ಪ ದೊಡ್ಡದೇ ಇರಲಿ’ ಎಂಬ ಎಚ್ಚರಿಕೆಯೇ ಪಂಪನ್ನು ಅಪಾಯದ ತುದಿಗೆ ತಳ್ಳಿದ್ದು.

ಇನ್ನು ನದಿ ಕೊಡುವುದು ಎಷ್ಟು? ನೀರನ್ನು ಸಕ್ಷನ್ ಪೈಪಿನಲ್ಲಿ ಮೇಲೆ ತಳ್ಳುವುದು ಗಾಳಿಯ ಒತ್ತಡ. ಪಂಪು ಎಳೆಯುತ್ತದೆ ಅನ್ನುತ್ತೇವಾದರೂ ಅದು ಮಾಡುವುದು ಬಾಯಲ್ಲಿ ಒತ್ತಡ ಇಳಿಸುವುದಷ್ಟೆ. ಸಮುದ್ರಮಟ್ಟದಲ್ಲಿ ಗಾಳಿ 10.3 ಮೀಟರ್ ನೀರಿನ ಕಂಬವನ್ನು ಎತ್ತಬಲ್ಲದು. ಆಲಮಟ್ಟಿ ಜಲಾಶಯ ತುಂಬಿದಾಗಿನ ಮಟ್ಟವೇ ಸಮುದ್ರಮಟ್ಟದಿಂದ 519.6 ಮೀಟರ್ ಮೇಲಿದೆ. ಆ ಎತ್ತರದಲ್ಲಿ ಗಾಳಿಯ ಶಕ್ತಿ ಸುಮಾರು 9.7 ಮೀಟರ್. ಇದು ನಿಮ್ಮ ಪೂರ್ತಿ ಬಂಡವಾಳ. ಯಾವ ಕಂಪನಿಯ ಎಷ್ಟು ಎಚ್‌ಪಿಯ ಪಂಪು ತಂದರೂ ಇದು ಒಂದು ಇಂಚು ಹೆಚ್ಚುವುದಿಲ್ಲ. ಇದರಲ್ಲಿ ನೀರಿನಿಂದ ಪಂಪಿನವರೆಗಿನ ಎತ್ತರ ಕಳೆಯಿರಿ. ಫುಟ್‌ವಾಲ್ವ್, ಬೆಂಡು, ಸಕ್ಷನ್ ಪೈಪಿನ ತಿಕ್ಕಾಟ ಕಳೆಯಿರಿ. ನೀರು ಆವಿಯಾಗುವ ಒತ್ತಡವನ್ನೂ ಕಳೆಯಿರಿ. ಅದು 30 ಡಿಗ್ರಿಯಲ್ಲಿ 0.4 ಮೀಟರ್, 40 ಡಿಗ್ರಿಯಲ್ಲಿ 0.75. ಉಳಿದದ್ದು ಪಂಪಿನ ಬಾಯಿಗೆ ಸಿಗುವ ಒತ್ತಡ.

ಚಳಿಗಾಲದಲ್ಲಿ ಪಂಪು ನೀರಿನಿಂದ 2 ಮೀಟರ್ ಮೇಲೆ, 12 ಮೀಟರ್ ಉದ್ದದ 4 ಇಂಚಿನ ಸಕ್ಷನ್ ಪೈಪು. 22 ಲೀಟರ್ ನೀರಿಗೆ ಅದರ ತಿಕ್ಕಾಟ ಸುಮಾರು 2.1 ಮೀಟರ್. ಕೊನೆಗೆ 5.2 ಮೀಟರ್ ಉಳಿಯುತ್ತದೆ. ಬೇಕಾದದ್ದು 5. ಕೂದಲೆಳೆಯ ಅಂತರದಲ್ಲಿ ಓಡುತ್ತಿದೆ, ಯಾರಿಗೂ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ನದಿ ಮೂರೂವರೆ ಮೀಟರ್ ಇಳಿಯುತ್ತದೆ. ಪಂಪು ಇದ್ದಲ್ಲೇ ಇದೆ. ನೀವು ಪೈಪಿಗೆ ಇನ್ನೊಂದು ತುಂಡು ಜೋಡಿಸಿ ಫುಟ್‌ವಾಲ್ವನ್ನು ನೀರಿನ ಹಿಂದೆಯೇ ಇಳಿಸುತ್ತೀರಿ. ಈಗ ಎತ್ತರ 5.5, ಪೈಪು 18 ಮೀಟರ್. ಒಟ್ಟು ಹೆಡ್ ಹೆಚ್ಚಿದ್ದರಿಂದ ಕರ್ವ್ ಪ್ರಕಾರ 20 ಲೀಟರ್ ಬರಬೇಕು, ಅದಕ್ಕೆ ಬಾಯಲ್ಲಿ 4.3 ಮೀಟರ್ ಬೇಕು. 9.7ರಿಂದ 5.5, ತಿಕ್ಕಾಟದ 2.2, ಆವಿಯ 0.5 ಕಳೆದರೆ ಸಿಗುವುದು ಒಂದೂವರೆ ಮೀಟರ್! ಪಂಪು ಕರ್ವ್ ಬಿಟ್ಟು ಬೀಳುತ್ತದೆ, ನೀರು 14 ಲೀಟರ್ ಆಸುಪಾಸಿಗೆ ಕುಸಿಯುತ್ತದೆ, ಗರಗರ ಶುರುವಾಗುತ್ತದೆ. ಇಲ್ಲಿ 15 ಎಚ್‌ಪಿ ಪಂಪು ಕೂಡಿಸಿದರೆ ಅದಕ್ಕೆ ಇನ್ನೂ ಹೆಚ್ಚು ನೀರು ಬೇಕು, ಅದೇ ಪೈಪಿನಲ್ಲಿ ತಿಕ್ಕಾಟ ಇನ್ನೂ ಹೆಚ್ಚು, ಬಾಯಿಗೆ ಬೇಕಾದ ಒತ್ತಡವೂ ಹೆಚ್ಚು. ಬಂಡವಾಳ ಮಾತ್ರ ಅದೇ 9.7.

ಒಂದು ಮಾತು ಇಲ್ಲೇ ಸೇರಿಸಬೇಕು. ಕಂಪನಿ ಕೊಡುವ ಎನ್‌ಪಿಎಸ್‌ಎಚ್ ಅಂಕಿ ಸುರಕ್ಷಿತ ಮಟ್ಟದ್ದು ಎಂದು ತಿಳಿಯಬೇಡಿ. ಪರೀಕ್ಷೆಯಲ್ಲಿ ಹೆಡ್ ಶೇಕಡ 3ರಷ್ಟು ಕುಸಿದ ಬಿಂದುವನ್ನೇ ಅದು ಸೂಚಿಸುತ್ತದೆ. ಅಂದರೆ ಗುಳ್ಳೆ ಅದಕ್ಕೂ ಮೊದಲೇ ಹುಟ್ಟಿರುತ್ತದೆ. ಅದರ ಮೇಲೆ ಕನಿಷ್ಠ ಒಂದು ಮೀಟರಾದರೂ ಮಿಕ್ಕಿರಲಿ.

ನಿಮ್ಮ ಪಂಪು ಕರ್ವ್‌ನಲ್ಲಿ ಎಲ್ಲಿ ನಿಂತಿದೆ ಎಂದು ಕಂಡುಹಿಡಿಯಲು ಎರಡು ಗೇಜು, ಒಂದು ಬ್ಯಾರಲ್ ಸಾಕು. ಡಿಲಿವರಿ ಕಡೆ ಪ್ರೆಶರ್ ಗೇಜು, ಸಕ್ಷನ್ ಕಡೆ ವ್ಯಾಕ್ಯೂಮ್ ಗೇಜು. ಡಿಲಿವರಿಯಲ್ಲಿ ಒಂದು ಕೆಜಿ ಅಂದರೆ 10 ಮೀಟರ್. ವ್ಯಾಕ್ಯೂಮ್ ಗೇಜಿನಲ್ಲಿ 100 ಮಿಲಿಮೀಟರ್ ಪಾದರಸ ಅಂದರೆ 1.36 ಮೀಟರ್. ನಮ್ಮ ಬೇಸಿಗೆಯ ಪಂಪಿನಲ್ಲಿ ಡಿಲಿವರಿ 1.4 ಕೆಜಿ, ವ್ಯಾಕ್ಯೂಮ್ 500 ತೋರಿಸಿತೆನ್ನಿ. 14 ಮತ್ತು 6.8 ಕೂಡಿಸಿದರೆ ಒಟ್ಟು ಹೆಡ್ ಸುಮಾರು 21 ಮೀಟರ್. ಕರ್ವ್‌ನಲ್ಲಿ ಆ ಎತ್ತರಕ್ಕೆ 21 ಲೀಟರ್ ಇದೆ, 200 ಲೀಟರಿನ ಬ್ಯಾರಲ್ ಹತ್ತು ಸೆಕೆಂಡಿನೊಳಗೆ ತುಂಬಬೇಕು. ತುಂಬಲು 14 ಸೆಕೆಂಡು ಹಿಡಿದರೆ ಪಂಪು ತನ್ನ ಕರ್ವ್ ಮೇಲಿಲ್ಲ.

ಇಷ್ಟರಿಂದಲೇ ಕ್ಯಾವಿಟೇಶನ್ ಎಂದು ತೀರ್ಪು ಕೊಡಬೇಡಿ, ಇಂಪೆಲ್ಲರ್ ಸವೆದಿದ್ದರೂ ಹೀಗಾಗುತ್ತದೆ. ಡಿಲಿವರಿ ವಾಲ್ವನ್ನು ನಿಧಾನವಾಗಿ ಮುಚ್ಚುತ್ತ ಬನ್ನಿ. ಪ್ರತಿ ಸಲ ಗೇಜು ನೋಡಿ, ಬ್ಯಾರಲ್ ಅಳೆದು, ಬಿಂದುವನ್ನು ಗ್ರಾಫ್ ಮೇಲೆ ಗುರುತಿಸಿ. ನೀರು ಕಡಿಮೆಯಾದಂತೆ ಸದ್ದು ನಿಂತು ಬಿಂದುಗಳು ಕಂಪನಿಯ ರೇಖೆಗೆ ಬಂದು ಕೂಡಿದರೆ ಇಂಪೆಲ್ಲರ್ ಚೆನ್ನಾಗಿದೆ, ರೋಗ ಕ್ಯಾವಿಟೇಶನ್. ಎಲ್ಲ ಬಿಂದುಗಳೂ ರೇಖೆಯ ಕೆಳಗೇ ಉಳಿದರೆ ಸವೆತ. ವಾಲ್ವ್ ಮುಚ್ಚಿದರೂ ಸದ್ದು ಬದಲಾಗದೆ, ತೊಟ್ಟಿಗೆ ಬೀಳುವ ನೀರು ಹಾಲಿನಂತೆ ಬೆಳ್ಳಗೆ ಕಂಡರೆ ಸಕ್ಷನ್ ಜಾಯಿಂಟಿನಲ್ಲೋ ಗ್ಲ್ಯಾಂಡಿನಲ್ಲೋ ಗಾಳಿ ಹಿಡಿಯುತ್ತಿದೆ. ಜಾಯಿಂಟಿನ ಮೇಲೆ ನೀರು ಸುರಿದು ನೋಡಿ, ಸೋರುವ ಜಾಗ ಸಿಗುತ್ತದೆ. ಫುಟ್‌ವಾಲ್ವ್ ನೀರಿನಲ್ಲಿ ಸಾಕಷ್ಟು ಮುಳುಗಿರದೆ ಮೇಲೆ ಸುಳಿ ಏಳುತ್ತಿದ್ದರೂ ಗಾಳಿ ಬರುತ್ತದೆ. ಮೂರು ರೋಗಕ್ಕೂ ಮದ್ದು ಬೇರೆ ಬೇರೆ. ಮೂರಕ್ಕೂ ಇಂಪೆಲ್ಲರ್ ಬದಲಿಸುವುದು ರೈತನ ಹಣವನ್ನು ನದಿಗೆ ಹಾಕಿದಂತೆ.

ಆ ಡಿಲಿವರಿ ವಾಲ್ವ್ ತಾತ್ಕಾಲಿಕ ಔಷಧಿಯೂ ಹೌದು. 14 ಲೀಟರ್ ಗರಗರ ಎನ್ನುತ್ತ ಬರುತ್ತಿದ್ದ ಪಂಪನ್ನು ವಾಲ್ವ್ ತಿರುಗಿಸಿ 12ಕ್ಕೆ ತಂದರೆ ಬಾಯಿಗೆ ಸಿಗುವ ಒತ್ತಡ 2.9 ಆಗುತ್ತದೆ, ಬೇಕಾದದ್ದು ಎರಡೂವರೆಗೆ ಇಳಿದಿರುತ್ತದೆ. ಕಳೆದುಕೊಂಡದ್ದು 2 ಲೀಟರ್, ಉಳಿಸಿಕೊಂಡದ್ದು ಒಂದು ಇಂಪೆಲ್ಲರ್, ಒಂದು ಬೇರಿಂಗ್. ಆದರೆ ಸಕ್ಷನ್ ಕಡೆಯ ವಾಲ್ವನ್ನು ಯಾವ ಕಾರಣಕ್ಕೂ ಅರ್ಧ ಮುಚ್ಚಿ ಓಡಿಸಬೇಡಿ. ಇರುವ ಒಂದಿಷ್ಟು ಒತ್ತಡವನ್ನೂ ಅದು ತಿಂದುಬಿಡುತ್ತದೆ. ಕೆಲವರು ಸಕ್ಷನ್ ಕಡೆಯ ಪ್ಲಗ್ ಸಡಿಲಿಸಿ ತುಸು ಗಾಳಿ ಬಿಟ್ಟು ಸದ್ದು ನಿಲ್ಲಿಸುತ್ತಾರೆ. ಗಾಳಿ ಗುಳ್ಳೆಗಳ ಏಟನ್ನು ಮೆತ್ತಗೆ ಮಾಡುವುದು ನಿಜ, ನೀರು ಮಾತ್ರ ಇನ್ನೂ ಇಳಿಯುತ್ತದೆ, ಯಾವಾಗ ಬೇಕಾದರೂ ಪಂಪು ನೀರೆತ್ತುವುದನ್ನೇ ನಿಲ್ಲಿಸಬಹುದು. ನಾನು ಅದನ್ನು ಒಪ್ಪುವುದಿಲ್ಲ. ಕಂಚಿನ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಇಂಪೆಲ್ಲರ್ ಬೀಡುಕಬ್ಬಿಣದ್ದಕ್ಕಿಂತ ಹೆಚ್ಚು ದಿನ ತಾಳುತ್ತದೆ, ಅಷ್ಟೆ. ರೋಗ ಇದ್ದೇ ಇರುತ್ತದೆ.

ಶಾಶ್ವತ ಮದ್ದು ಸಕ್ಷನ್ ಪೈಪಿನಲ್ಲಿ ಮತ್ತು ಪಂಪಿನ ಕಟ್ಟೆಯಲ್ಲಿದೆ. ಪೈಪಿನ ಅಗಲಕ್ಕೂ ತಿಕ್ಕಾಟಕ್ಕೂ ಇರುವ ಸಂಬಂಧ ನಾವು ಊಹಿಸುವುದಕ್ಕಿಂತ ಬಹಳ ದೊಡ್ಡದು. ಅಷ್ಟೇ ನೀರಿಗೆ 4 ಇಂಚಿನ ಬದಲು 5 ಇಂಚಿನ ಪೈಪು ಹಾಕಿದರೆ ಪೈಪಿನೊಳಗಿನ ತಿಕ್ಕಾಟ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಡಿಲಿವರಿಗೆ ದೊಡ್ಡ ಪೈಪು ಹಾಕಿ ಸಕ್ಷನ್‌ಗೆ ಉಳಿದ ಹಳೆಯ ಸಣ್ಣ ಪೈಪು ಜೋಡಿಸುವ ರೂಢಿ ನಮ್ಮಲ್ಲಿದೆ. ಅದು ತಿರುಗಾಮುರುಗಾ. ಸಕ್ಷನ್ ಪೈಪು ಪಂಪಿನ ಬಾಯಿಗಿಂತ ಒಂದು ಸೈಜಾದರೂ ದೊಡ್ಡದಿರಲಿ. ಬಾಯಿಗೆ ಜೋಡಿಸುವ ರೆಡ್ಯೂಸರ್ ಮೇಲ್ಭಾಗ ಸಪಾಟಾಗಿರುವಂಥದ್ದು ಇರಲಿ, ಇಲ್ಲದಿದ್ದರೆ ಗಾಳಿ ಮೇಲೆ ಕೂತುಬಿಡುತ್ತದೆ. ಬಾಯಿಗೇ ಬೆಂಡು ಕೂಡಿಸದೆ ಪೈಪಿನ ಅಗಲದ ಐದು ಪಟ್ಟಾದರೂ ನೇರ ಪೈಪು ಬಿಡಿ. ಫುಟ್‌ವಾಲ್ವಿನ ಜಾಲರಿಗೆ ಪ್ಲಾಸ್ಟಿಕ್, ಹುಲ್ಲು ಸುತ್ತಿಕೊಂಡಿದ್ದರೆ ಮೇಲಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ, ಅದನ್ನು ಆಗಾಗ ತೆಗೆದು ತೊಳೆಯಿರಿ.

ಪಂಪನ್ನು ಮೇಲೆ ಯಾಕೆ ಇಟ್ಟಿದ್ದೀರಿ ಎಂದು ನನಗೆ ಗೊತ್ತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಏರಿ ಬಂದದ್ದನ್ನು ಈ ದಂಡೆಯವರು ಯಾರೂ ಮರೆತಿಲ್ಲ. ಮುಳುಗಿದ ಮೋಟಾರನ್ನು ಮತ್ತೆ ವೈಂಡ್ ಮಾಡಿಸುವ ಖರ್ಚು ಯಾರಿಗೂ ಬೇಡ. ಆದರೆ ಮಳೆಗಾಲದ ಭಯಕ್ಕೆ ಇಟ್ಟ ಎತ್ತರದಲ್ಲೇ ಬೇಸಿಗೆಯನ್ನೂ ಕಳೆಯಬೇಕೆಂದಿಲ್ಲ. ದಂಡೆಯ ಇಳಿಜಾರಿನಲ್ಲಿ ಎರಡು ಕಟ್ಟೆ ಕಟ್ಟಿ. ಮೇಲಿನದು ಮಳೆಗಾಲಕ್ಕೆ, ಅದಕ್ಕಿಂತ ಎರಡು ಮೂರು ಮೀಟರ್ ಕೆಳಗಿನದು ಬೇಸಿಗೆಗೆ. ಡಿಲಿವರಿ ಪೈಪಿಗೆ ಎರಡೂ ಕಟ್ಟೆಗಳ ಬಳಿ ಫ್ಲ್ಯಾಂಜ್ ಕೂಡಿಸಿ. ಇಳಿಸುವುದು ತ್ರಿಪಾಯಿ, ಚೈನ್‌ಬ್ಲಾಕ್ ಇದ್ದರೆ ನಾಲ್ಕು ಮಂದಿಯ ಒಂದು ದಿನದ ಕೆಲಸ. ನಮ್ಮ ಉದಾಹರಣೆಯ ಪಂಪಿಗೆ 5 ಇಂಚಿನ ಸಕ್ಷನ್ ಹಾಕಿ, ವಾಲ್ವಿನಿಂದ 16 ಲೀಟರಿಗೆ ಹಿಡಿದರೆ ಇದ್ದಲ್ಲೇ 3.2 ಮೀಟರ್ ಸಿಗುತ್ತದೆ. ಬೇಕಾದದ್ದು 3, ಅಂಚಿನಲ್ಲಿದೆ. 2 ಮೀಟರ್ ಇಳಿಸಿದರೆ 5.2. ಅಲ್ಲಿಗೆ ರೋಗ ಮುಗಿಯಿತು. ಬೇಸಿಗೆಯ ಬರೀ 14 ಲೀಟರಿನ ಜಾಗದಲ್ಲಿ 16 ಲೀಟರ್ ಸದ್ದಿಲ್ಲದೆ ಬರುತ್ತದೆ, ಪಂಪು ತನ್ನ ಶಿಖರದಲ್ಲಿ ಓಡುತ್ತದೆ.

ಬಹಳ ಮಂದಿ ಕೂಡಿ ನೀರೆತ್ತುವ ಕಡೆ ಜಾಕ್‌ವೆಲ್ (ನದಿಯ ನೀರು ಒಳಬರುವ ಬಾವಿ) ತೋಡಿ, ಇಂಪೆಲ್ಲರ್ ನೀರಿನೊಳಗೇ ಇರುವ ವರ್ಟಿಕಲ್ ಟರ್ಬೈನ್ ಅಥವಾ ಸಬ್‌ಮರ್ಸಿಬಲ್ ಪಂಪು ಕೂಡಿಸುವುದು ಒಳ್ಳೆಯದು. ಅಲ್ಲಿ ಸಕ್ಷನ್ ಎತ್ತರದ ಪ್ರಶ್ನೆಯೇ ಬಹುಮಟ್ಟಿಗೆ ಇಲ್ಲ. ಖರ್ಚು ಹೆಚ್ಚು, ಒಬ್ಬರಿಗೆ ಆಗದು, ಸಂಘಕ್ಕೆ ಆದೀತು.

ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪುಗಳಿಗೆ ಸರ್ಕಾರ ಉಚಿತ ವಿದ್ಯುತ್ ಕೊಡುತ್ತಿರುವುದರಿಂದ ದಕ್ಷತೆ ಎಷ್ಟು ಬಿದ್ದರೂ ಬಿಲ್ಲಿನಲ್ಲಿ ಕಾಣುವುದಿಲ್ಲ. ಆದರೆ ಥ್ರೀಫೇಸ್ ಇರುವ ತಾಸುಗಳು ಎಣಿಕೆಯವು. ಆ ತಾಸುಗಳಲ್ಲಿ ಎಷ್ಟು ನೀರು ಹೊಲಕ್ಕೆ ಬಿತ್ತು ಎಂಬುದು ನಿಮ್ಮ ಬೆಳೆಯಲ್ಲಿ ಕಾಣುತ್ತದೆ, ಮೆಕ್ಯಾನಿಕ್‌ನ ಚೀಟಿಯಲ್ಲೂ ಕಾಣುತ್ತದೆ.

ಈ ದಂಡೆಯ ರೈತರಿಗೆ ಕೂಡಿ ಕೆಲಸ ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಹಾಕಿ, ಬೆವರು ಸುರಿಸಿ 1989ರಲ್ಲಿ ಶ್ರಮಬಿಂದು ಸಾಗರ ಬ್ಯಾರೇಜ್ ಕಟ್ಟಿದರು. ನದಿಗೇ ಅಡ್ಡ ಕಟ್ಟಿದವರಿಗೆ ಊರಿಗೊಂದು ಜೊತೆ ಗೇಜು ಕೊಳ್ಳುವುದು ದೊಡ್ಡ ಮಾತಲ್ಲ. ಸಹಕಾರಿ ಸಂಘದಲ್ಲೋ ಪಂಪ್ ಅಂಗಡಿಯಲ್ಲೋ ಅವನ್ನು ಇಟ್ಟುಕೊಳ್ಳಿ, ಸರದಿಯಂತೆ ಒಯ್ಯಿರಿ.

ಮೆಕ್ಯಾನಿಕ್ ತಮ್ಮಂದಿರೇ, ನಿಮ್ಮ ಮೇಲೆ ನನಗೆ ಹೆಚ್ಚಿನ ಭರವಸೆ. ಪಂಪಿನ ಬಗ್ಗೆ ರೈತ ನಂಬುವುದು ನಿಮ್ಮ ಮಾತನ್ನು. ಅಂಗಡಿಯವರಿಂದ ಪೂರ್ತಿ ಗ್ರಾಫ್ ಕೇಳಿ, ಎನ್‌ಪಿಎಸ್‌ಎಚ್ ರೇಖೆ ಇಲ್ಲದ ಹಾಳೆಯನ್ನು ವಾಪಸು ಕೊಡಿ. ಹೊಸ ಪಂಪು ಬರೆದುಕೊಡುವ ಮುನ್ನ ಟೇಪು ಹಿಡಿದು ನೀರಿನಿಂದ ಪಂಪಿಗೆ, ಪಂಪಿನಿಂದ ತೊಟ್ಟಿಗೆ ಎತ್ತರ ಅಳೆಯಿರಿ. ಬೇಸಿಗೆಯ ನೀರಿನ ಮಟ್ಟವನ್ನೇ ಲೆಕ್ಕಕ್ಕೆ ಹಿಡಿಯಿರಿ.

ರೈತ ಬಂಧುಗಳೇ, ಈ ಸಲ ನದಿ ಇಳಿಯುವುದಕ್ಕೆ ಮೊದಲೇ ಕೆಳಗಿನ ಕಟ್ಟೆ ಕಟ್ಟಿಸಿ, ಸಕ್ಷನ್ ಪೈಪು ಬದಲಿಸಿ. ಗರಗರ ಕೇಳಿದ ದಿನವೇ ಡಿಲಿವರಿ ವಾಲ್ವಿಗೆ ಕೈ ಹಾಕಿ. ಅದಕ್ಕಿಂತ ಮುಂಚೆ ಹೊಸ ಇಂಪೆಲ್ಲರಿಗಾಗಲೀ ದೊಡ್ಡ ಪಂಪಿಗಾಗಲೀ ಒಂದು ರೂಪಾಯಿಯನ್ನೂ ಕೊಡಬೇಡಿ.

ನಿಮ್ಮ ಹಿತ ಬಯಸುವ,
ಪಂಪುಗಳ ನಡುವೆ ದುಡಿದ ಒಬ್ಬ ಎಂಜಿನಿಯರ್